ಮಾತಾಡಿದರೆ ಫೋಟೋ ಹೋಗದ ಫೋನು

ನಮ್ಮ ಎಮ್ಮೆಗೆ ಅದು ಚೊಚ್ಚಲು. ಬೆಳಿಗ್ಗೆಯಿಂದ ತಿಣುಕುತ್ತಿದ್ದರೂ ಹೊರಗೆ ಕಂಡದ್ದು ಕರುವಿನ ಒಂದೇ ಕಾಲು. ಚೌಳಹಿರಿಯೂರಿನ ನಮ್ಮ ಕೊಟ್ಟಿಗೆಯಲ್ಲಿ ನಾನು, ಸೊಸೆ ಇಬ್ಬರೇ. ದನದ ಡಾಕ್ಟರು ತರೀಕೆರೆ ಕಡೆ ಯಾರದೋ ಹಸು ನೋಡಲು ಹೋಗಿದ್ದರು. ಅವರಿಗೆ ಫೋನ್ ಹಚ್ಚಿದೆ.

"ಫೋಟೋ ಕಳ್ಸಿ ಅಜ್ಜಿ, ನೋಡಿ ಹೇಳ್ತೀನಿ. ತಡ ಆದ್ರೆ ಕರು ಉಳಿಯಲ್ಲ" ಎಂದರು.

ಫೋನಿನಲ್ಲಿ ಟೈಪ್ ಮಾಡುವುದನ್ನು ಆಗಷ್ಟೇ ಕಲಿತಿದ್ದೆ. ಫೋಟೋ ತೆಗೆದು, ಕೆಳಗೆ 'ಇದು ಎಮ್ಮೆ' ಎಂದು ಬರೆದು ಕಳಿಸಿದೆ. ಕಳಿಸಿದ ಮೇಲೆ ಫೋನ್ ಮಾಡಿ ಹೇಳದೆ ಇರಲಾದೀತೇ? ಬಸ್ಸಿನಲ್ಲಿ ಹೋಳಿಗೆ ಡಬ್ಬಿ ಕಳಿಸಿದರೂ ನಮ್ಮಲ್ಲಿ ಹಾಗೆ ಹೇಳುವುದೇ ಮರ್ಯಾದೆ.

"ಕಳ್ಸಿದೀನಿ ಡಾಕ್ಟ್ರೇ, ನೋಡಿ."

"ಬಂದಿಲ್ಲ ಕಣಜ್ಜಿ."

"ನೋಡ್ತಾ ಇರಿ, ನಾನು ಲೈನಲ್ಲೇ ಇರ್ತೀನಿ."

ಸೊಸೆ ತಲೆ ಚಚ್ಚಿಕೊಂಡಳು. "ಅತ್ತೆ, ಈ ಹಳೇ ಫೋನಿಗೆ ಫೋರ್‌ಜಿ ಮೇಲೆ ಮಾತಾಡಕ್ಕೆ ಬರಲ್ಲ. ಕಾಲ್ ಮಾಡಿದ್ರೂ ಬಂದ್ರೂ ಹಳೇ ನೆಟ್‌ವರ್ಕಿಗೆ ಇಳೀತದೆ. ಅಲ್ಲಿ ಮಾತೊಂದೇ ಹೋಗೋದು, ಫೋಟೋ ನಿಂತ್ಬಿಡ್ತದೆ. ಕಟ್ ಮಾಡಿದ್ರೇನೇ ಮತ್ತೆ ಮೇಲಕ್ಕೆ ಹತ್ತೋದು."

"ಒಟ್ಟಿಗೆ ಎರಡು ಕೆಲ್ಸ ಆಗಲ್ವಾ ಇದ್ರ ಕೈಲಿ? ನಾನು ಮಾತಾಡ್ತಾನೇ ಮನೆಮಂದಿಗೆಲ್ಲ ರೊಟ್ಟಿ ತಟ್ಟಿದೋಳು ಕಣೇ!"

ಕಟ್ ಮಾಡಿದೆ. ಫೋರ್‌ಜಿ ಬಂತು. ಅಷ್ಟರಲ್ಲಿ ಡಾಕ್ಟರೇ ಫೋನ್ ಮಾಡಿ, "ಇನ್ನೂ ಬಂದಿಲ್ವಲ್ಲ?" ಎಂದರು. ಫೋರ್‌ಜಿ ಹೋಯಿತು. ಅವರು ಇಟ್ಟ ಕೂಡಲೇ ಅಂತರಘಟ್ಟೆಯಿಂದ ನನ್ನ ತಂಗಿ.

"ಅಕ್ಕಾ, ಎಮ್ಮೆ ಈಯ್ತಾ?"

"ನೀನು ಫೋನ್ ಇಟ್ರೆ ಈಯ್ತದೆ!"

ಹಾಗೇಕೆ ಅಂದೆ ಎಂದು ಕೇಳಲು ಅವಳು ಮತ್ತೆ ಫೋನ್ ಮಾಡಿದಳು.

ಎಮ್ಮೆ ಅಡ್ಡ ಮಲಗಿತು. ಸೊಸೆಯ ಕಣ್ಣಲ್ಲಿ ನೀರು. ನಾನು ಡಾಕ್ಟರಿಗೆ ಫೋನ್ ಹಚ್ಚಿದೆ. "ಆ ಫೋಟೋ ಮನೆ ಹಾಳಾಗ್ಲಿ. ನೀವು ಕೇಳಿ, ನಾನು ನೋಡಿ ಹೇಳ್ತೀನಿ."

"ಮೂಗು ಕಾಣ್ತದಾ?"

"ಈಗ ಕಾಣ್ತದೆ. ನಾಲಿಗೆ ಆಡಿಸ್ತಾ ಐತೆ."

"ಹಂಗಾದ್ರೆ ಇನ್ನೊಂದು ಕಾಲು ಒಳಗೆ ಮಡಚ್ಕೊಂಡದೆ. ಕೈಗೆ ಸೋಪು ಹಚ್ಚಿ, ಕರುನ ಒಂಚೂರು ಹಿಂದಕ್ಕೆ ತಳ್ಳಿ, ಗೊರಸನ್ನ ಅಂಗೈಲಿ ಮುಚ್ಕೊಂಡು ಮುಂದಕ್ಕೆ ತನ್ನಿ."

ಸೊಸೆ ಕೈ ಹಾಕಿದಳು. ಅವಳು ಹೇಳಿದ್ದನ್ನು ಫೋನಿಗೂ, ಫೋನು ಹೇಳಿದ್ದನ್ನು ಅವಳಿಗೂ ಕೂಗಿದೆ. ಕಾಲು ಬಂತು. ಹಿಂದೆಯೇ ಕರು ಜಾರಿ ಬಂದು ಸೀನಿತು.

"ಬದುಕ್ತು ಡಾಕ್ಟ್ರೇ!" ಎಂದು ಫೋನ್ ಇಟ್ಟೆ.

ಬಿಡುವಾದ ಫೋನು ಮೇಲಕ್ಕೆ ಹತ್ತಿ, ಆ ಫೋಟೋವನ್ನು ತರೀಕೆರೆಗೆ ಮುಟ್ಟಿಸಿತು. ಡಾಕ್ಟರ ಕರೆ ಬಂತು.

"ಅಜ್ಜೀ, ಇನ್ನೊಂದು ಕರುನೂ ಐತಲ್ರೀ! ಇದ್ರದೂ ಒಂದೇ ಕಾಲು ಕಾಣ್ತದೆ!"

"ಇಲ್ಲ ಡಾಕ್ಟ್ರೇ, ಅದು ಇದೇ ಕರು" ಎಂದೆ. ಆದರೂ ಫೋನ್ ಇಟ್ಟ ಮೇಲೆ ನಾನೂ ಸೊಸೆಯೂ ಎಮ್ಮೆಯ ಹಿಂದೆ ಹೋಗಿ ಒಮ್ಮೆ ನೋಡಿ ಬಂದೆವು.