ಹೆಸರು ಕೂಗಬೇಡಿ

ಗೆಳತಿಯ ಬಗ್ಗೆ ಬರೆಯಿರಿ, ಹೆಸರೂ ಫೋಟೋವೂ ಇರಲಿ ಎಂದು ಪತ್ರಿಕೆಯವರು ಕೇಳಿದರು. ಎರಡನ್ನೂ ಕೊಡುವುದಿಲ್ಲ. ಆಸ್ಟ್ರೇಲಿಯಾದ ಈ ಮರುಭೂಮಿಯ ಮೂಲನಿವಾಸಿಗಳಾದ ನಾವು ಸತ್ತವರ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ. ಆ ನೇಮಕ್ಕಾಗಿಯೇ ಜಗಳವಾಡಿದವಳು ಅವಳು.

ಅವಳ ತಾಯಿ ತೀರಿಕೊಂಡ ವರ್ಷ, ಚಳಿ ಶುರುವಾಗುವ ಮುಂಚೆ ಫ್ಲೂ ಲಸಿಕೆಗೆಂದು ನಾವೆಲ್ಲ ಊರಿನ ಕ್ಲಿನಿಕ್ಕಿಗೆ ಹೋಗಿದ್ದೆವು. ಅವಳ ತಮ್ಮ ಕ್ಲಾರಿಯ ಎದೆ ಮೊದಲೇ ದುರ್ಬಲ. ಅವನನ್ನು ಎಳೆದುಕೊಂಡೇ ಬಂದಿದ್ದಳು. ಮೇಜಿನ ಹಿಂದಿದ್ದ ಹುಡುಗಿ ಹಳೆಯ ಪಟ್ಟಿ ನೋಡಿ ಗಟ್ಟಿಯಾಗಿ ಒಂದು ಹೆಸರು ಕೂಗಿದಳು. ಅದು ಆ ತಾಯಿಯ ಹೆಸರು. ಯಾರೂ ಏಳದಿದ್ದಾಗ ಇನ್ನೊಮ್ಮೆ ಕೂಗಿದಳು.

ಕ್ಲಾರಿ ಎದ್ದು ಹೊರಟುಬಿಟ್ಟ. ಅವನ ಹಿಂದೆ ಹಿರಿಯರೆಲ್ಲ ಹೊರಟರು. ಗೆಳತಿ ಮಾತ್ರ ಬಾಗಿಲಲ್ಲೇ ನಿಂತಳು. ಡಾಕ್ಟರ್ ವಿಟ್ಲಾಕ್ ಓಡಿ ಬಂದರು.

"ಅವಳಿಗೆ ಗೊತ್ತಿರಲಿಲ್ಲಮ್ಮ. ಒಳಗೆ ಬನ್ನಿ, ಸೂಜಿ ತಗೊಂಡು ಹೋಗಿ."

"ನಮ್ಮಮ್ಮನ್ನ ಮಣ್ಣು ಮಾಡಿ ತಿಂಗ್ಳಾಗಿಲ್ಲ ಡಾಕ್ಟ್ರೇ. ಹರಾಜು ಕೂಗ್ದಂಗೆ ಕೂಗಿದ್ಲು. ನಾವು ಒಳಗೆ ಬರಲ್ಲ."

"ಹಾಗಾದ್ರೆ ಲಸಿಕೆ ಬೇಡ್ವಾ?"

"ಬೇಡ ಅಂದೋರ್ಯಾರು? ಸೂಜಿನೇ ಹೊರಗೆ ಬರ್ಲಿ. ಆ ಮರದ ಕೆಳಗೆ. ಹೆಸ್ರು ಕೂಗಬೇಡಿ, ಹತ್ರ ಬಂದು ಮೆಲ್ಲಗೆ ಮಾತಾಡ್ಸಿ."

"ಚುಚ್ಚಿದ್ಮೇಲೆ ಕಾಲು ಗಂಟೆ ನಮ್ಮ ಕಣ್ಮುಂದೆ ಕೂತಿರಬೇಕಲ್ಲ?"

"ಕೂತಿರ್ತೀವಿ. ನಿಮ್ಮ ಈ ಕಟ್ಟಡ ಏಳೋಕೆ ಮುಂಚಿಂದ ಅಲ್ಲೇ ಕೂತಿದೀವಿ. ನೀವೂ ಬನ್ನಿ, ಚಹಾ ಇದೆ."

ಹೇಳಿ ಹೋಗಿ ಬತ್ತಿದ ಹೊಳೆಯ ದಂಡೆಯ ನೀಲಗಿರಿ ಮರದಡಿ ಬೆಂಕಿ ಹೊತ್ತಿಸಿದಳು. ಮಧ್ಯಾಹ್ನದವರೆಗೂ ಕ್ಲಿನಿಕ್ಕಿನಿಂದ ಯಾರೂ ಬರಲಿಲ್ಲ. ಸೋತು ಒಳಗೆ ಹೋಗೋಣ ಎಂದವರಿಗೆ, "ಹೋಗೋರು ಹೋಗಿ, ನನ್ನ ಚಹಾ ಕುಡಿದು ಹೋಗಬೇಡಿ" ಎಂದಳು. ಒಬ್ಬರೂ ಏಳಲಿಲ್ಲ. ಕೊನೆಗೆ ಡಾಕ್ಟರೇ ತಂಪು ಪೆಟ್ಟಿಗೆ ಹೊತ್ತು ಬಂದು ನೆಲದ ಮೇಲೆ ಕೂತರು.

ಈಗ ಕ್ಲಾರಿಯೇ ತಕರಾರು ತೆಗೆದ. "ನಂಗೆ ಬೇಡ ಅಕ್ಕ."

"ಹೋದ ಚಳೀಲಿ ಮೂಗಿಗೆ ನಳಿಗೆ ಸಿಗಿಸ್ಕೊಂಡು ಬಿದ್ದಿದ್ದು ಮರ್ತೋಯ್ತಾ? ಅಮ್ಮನ ಪಕ್ಕ ಮಲಗೋಕೆ ಅಷ್ಟು ಅವಸರನಾ? ತೋಳು ಕೊಡು."

ಕೊಟ್ಟ. ಅಲ್ಲಿಂದೀಚೆಗೆ ಪ್ರತಿ ವರ್ಷ ಲಸಿಕೆ ಮರದಡಿಯಲ್ಲೇ.

ಈ ಬೇಸಿಗೆಯಲ್ಲಿ ಅವಳ ಹೃದಯ ನಿಂತಿತು. ಲಸಿಕೆಯ ದಿನ ಕ್ಲಾರಿ ಮತ್ತೆ ಸೂಜಿ ಬೇಡವೆಂದ. ಅಕ್ಕನಿಲ್ಲದ ಮರದಡಿ ಕೂರಲಾರೆ ಎಂದ. ನಾನು ಅವಳಷ್ಟೇ ಒರಟಾಗಿ ಬೈದು ಕರೆತಂದೆ. ನನಗೆ ಇನ್ನೊಂದು ಭಯವಿತ್ತು: ಹೊಸ ನರ್ಸಿನ ಹೆಸರೂ ಗೆಳತಿಯ ಹೆಸರೂ ಒಂದೇ. ಆ ನರ್ಸ್ ಹತ್ತಿರ ಬಂದಳು. ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ತಿರುವಿ ಹಾಕಿಕೊಂಡಿದ್ದಳು.

ಕ್ಲಾರಿ ಬಹಳ ಹೊತ್ತು ಅದನ್ನೇ ನೋಡಿದ. "ನಿನ್ನ ಏನಂತ ಕರೀಲಿ?"

"ತಂಗಿ ಅನ್ನಿ, ಸಾಕು."

"ತಂಗಿ ಆದ್ರೆ ಮೆಲ್ಲಗೆ ಚುಚ್ಚಬೇಕಾಗುತ್ತೆ," ಎಂದು ಅಂಗಿಯ ತೋಳು ಮೇಲಕ್ಕೆ ಮಡಚಿದ.

ಪತ್ರಿಕೆಯವರು ಈ ಬರಹವನ್ನು ಹೆಸರಿಲ್ಲದೆಯೇ ಅಚ್ಚು ಹಾಕಲಿ. ಇಲ್ಲವೇ ಬಿಡಲಿ.