ಜಲಪಾತದ ಬಣ್ಣ ತೆಗೆಯುವ ಬೂದಕ್ಕ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸ್ಟುಡಿಯೊದ ಹಿಂಬದಿಯ ಕೋಣೆಯಲ್ಲಿ ಬೂದಕ್ಕ ಒಂದು ಜಲಪಾತದ ಮುಂದೆ ಕೂತು ಅದನ್ನು ಗದರಿಸುತ್ತಿದ್ದಾರೆ. "ಇಷ್ಟೊಂದು ನೀಲಿ ಯಾಕೆ ನಿಂಗೆ? ನೀರು ಅಂದ್ರೆ ನೀರಿನ ಹಾಗಿರಬೇಕು. ಬಾ ಇಲ್ಲಿ."

ಜಲಪಾತ ಬರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಮೊದಲು ನೀಲಿ ಹೋಗುತ್ತದೆ, ಹಿಂದೆಯೇ ಹಸಿರು, ಆಮೇಲೆ ಪಾಚಿಯ ಹಳದಿ. ಕೊನೆಗೆ ಉಳಿಯುವುದು ಕಪ್ಪು ಬಂಡೆ, ಬಿಳಿ ನೀರು, ನಡುವೆ ಹತ್ತಾರು ಬಗೆಯ ಬೂದು. ಬೂದಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. "ಹೂಂ, ಈಗ ಮನುಷ್ಯರ ಹಾಗಾಯ್ತು" ಎನ್ನುತ್ತಾರೆ. ಫೋಟೊದಲ್ಲಿ ಮನುಷ್ಯರು ಯಾರೂ ಇಲ್ಲ.

ಐವತ್ತೆಂಟು ವರ್ಷದ ಇವರ ನಿಜ ಹೆಸರು ಸ್ಟುಡಿಯೊದ ಮಾಲೀಕರಿಗೇ ಥಟ್ಟನೆ ನೆನಪಾಗುವುದಿಲ್ಲ. ಬೀದಿಗೆಲ್ಲ ಇವರು ಬೂದಕ್ಕ. ಬಣ್ಣದ ಫೋಟೊಗಳನ್ನು ಕಪ್ಪುಬಿಳುಪು ಮಾಡುವುದು ಇವರ ಕೆಲಸ. ಊರಿಂದ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಒಂದು ಜಲಪಾತವಿದೆ. ಕ್ಯಾಮೆರಾ ಕೊಂಡವರೆಲ್ಲ ಮೊದಲು ಓಡುವುದು ಅಲ್ಲಿಗೆ. ಹೊಡೆದ ಫೋಟೊ ನೋಡಿ ಬೇಜಾರಾದರೆ, ಕಪ್ಪುಬಿಳುಪಿನಲ್ಲಾದರೂ ಕಲೆಯಾದೀತು ಎಂದು ಓಡುವುದು ಇಲ್ಲಿಗೆ.

"ನಿನ್ನೆ ಮೂವತ್ತೊಂದು ಫೋಟೊ ಮಾಡ್ದೆ. ಅದ್ರಲ್ಲಿ ಇಪ್ಪತ್ತಾರು ಜಲಪಾತ. ಅದ್ರಲ್ಲಿ ಹತ್ತೊಂಬತ್ತು ಒಂದೇ ಜಲಪಾತ, ಒಂದೇ ಕಟ್ಟೆ ಮೇಲೆ ನಿಂತು ತೆಗ್ದಿದ್ದು" ಎಂದು ಬೂದಕ್ಕ ಲೆಕ್ಕ ಒಪ್ಪಿಸುತ್ತಾರೆ. ಹನ್ನೊಂದು ವರ್ಷದಿಂದ ನೋಡಿ ನೋಡಿ ಅಲ್ಲಿನ ಬಂಡೆಗಳಿಗೆಲ್ಲ ಹೆಸರಿಟ್ಟಿದ್ದಾರೆ. ಎಡಗಡೆ ಚೂಪಾಗಿ ಮುಂದೆ ಚಾಚಿರುವುದು ಮೂಗಿನ ಬಂಡೆ. ಬಲಗಡೆ ನೀರಲ್ಲಿ ಅರ್ಧ ಮುಳುಗಿ ಹಾಯಾಗಿರುವುದು ಎಮ್ಮೆ ಬಂಡೆ. ಒಮ್ಮೆ ಮಾತ್ರ ಗಂಡನ ಜತೆ ಅಲ್ಲಿಗೆ ಹೋಗಿದ್ದರಂತೆ. ಹೇಗಿದೆ ಎಂದು ಗಂಡ ಕೇಳಿದಾಗ, "ಮೂಗು ಇನ್ನೊಂಚೂರು ಗಾಢ ಆಗ್ಬೇಕು" ಎಂದು ಹೇಳಿ ವಾಪಸ್ ಬಂದರಂತೆ.

ಬಣ್ಣ ತೆಗೆಯುವುದೇನು ಮಹಾ, ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಆಯಿತಲ್ಲ ಎಂದು ನಾನು ಕೇಳಿಯೇಬಿಟ್ಟೆ. ಬೂದಕ್ಕ ನನ್ನ ಮೊಬೈಲನ್ನೇ ಇಸಿದುಕೊಂಡು, ಹಸಿರು ಗಿಡದಲ್ಲಿ ಕೆಂಪು ಹೂವಿದ್ದ ಒಂದು ಫೋಟೊ ಹುಡುಕಿ, ಒತ್ತಿ ತೋರಿಸಿದರು. ಹೂವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ನೋಡಿ, ಕಣ್ಣಿಗೆ ಹಸಿರೇ ಬೇರೆ, ಕೆಂಪೇ ಬೇರೆ. ಬಣ್ಣ ಹೋದ್ಮೇಲೆ ಎರಡೂ ಒಂದೇ ಬೂದು. ಯಾವ್ದು ಕಪ್ಪಾಗ್ಬೇಕು, ಯಾವ್ದು ಬೆಳ್ಳಗಾಗ್ಬೇಕು ಅಂತ ಒಬ್ರು ಕೂತು ಹೇಳ್ಬೇಕಲ್ಲ? ಅದಕ್ಕೇ ನಾನಿರೋದು." ಅವರ ಪರದೆಯ ಅಂಚಿನಲ್ಲಿ ಒಂದೊಂದು ಬಣ್ಣಕ್ಕೂ ಆಚೀಚೆ ಸರಿಯುವ ಒಂದೊಂದು ಗುಂಡಿಯಿದೆ. ಎಡಕ್ಕೆ ಎಳೆದರೆ ಆ ಬಣ್ಣ ಕಪ್ಪಿನತ್ತ ಇಳಿಯುತ್ತದೆ, ಬಲಕ್ಕೆ ಎಳೆದರೆ ಬಿಳಿಯತ್ತ ಏರುತ್ತದೆ. ಒಂದು ಫೋಟೊಗೆ ಹತ್ತು ನಿಮಿಷ ಸಾಕು. ಹಟಮಾರಿ ಫೋಟೊಗೆ ಎರಡು ದಿನವೂ ಸಾಲದು.

ತಮಾಷೆಯೆಂದರೆ, ಇದೇ ಸ್ಟುಡಿಯೊಗೆ ಹದಿನೆಂಟನೇ ವಯಸ್ಸಿನಲ್ಲಿ ಬೂದಕ್ಕ ಬಂದದ್ದು ಬಣ್ಣ ಹಾಕುವುದಕ್ಕೆ. ಆಗ ಫೋಟೊಗಳೆಲ್ಲ ಕಪ್ಪುಬಿಳುಪು. ಸಣ್ಣ ಕುಂಚ ಹಿಡಿದು ಕೆನ್ನೆಗೆ ಗುಲಾಬಿ, ಬಟ್ಟೆಗೆ ನೀಲಿ ಹಚ್ಚಬೇಕಿತ್ತು. ಒಂದು ಮದುವೆ ಫೋಟೊದಲ್ಲಿ ಕೈತಪ್ಪಿ ವಧುವಿನ ತುಟಿಗೆ ಹಚ್ಚಬೇಕಾದ ಕೆಂಪನ್ನು ವರನ ತುಟಿಗೆ ಹಚ್ಚಿಬಿಟ್ಟರು. ಅದನ್ನು ಸರಿಮಾಡಲು ಹೋಗಿ ಮೀಸೆಯೂ ಕೆಂಪಾಯಿತು. ಅದಾದ ಮೇಲೆ ಬಣ್ಣದ ಫಿಲ್ಮ್ ಬಂತು, ಕುಂಚದ ಕೆಲಸ ನಿಂತುಹೋಯಿತು. ಹದಿನೈದು ವರ್ಷ ಬೂದಕ್ಕ ಅದೇ ಅಂಗಡಿಯಲ್ಲಿ ಗುರುತಿನ ಚೀಟಿಗೆ ಪ್ಲಾಸ್ಟಿಕ್ ಹೊದಿಸುತ್ತ, ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕಳೆದರು. "ಬೆಳಗಿಂದ ಸಂಜೆವರೆಗೆ ಬರೀ ಕಿವಿ ಅಳತೆ ನೋಡೋದು. ಎರಡೂ ಕಿವಿ ಕಾಣ್ಬೇಕು ಅಂತ ರೂಲು. ಊಟಕ್ಕೆ ಕೂತ್ರೂ ಎದುರಿಗಿದ್ದವ್ರ ಕಿವಿ ಎಣಿಸ್ತಿದ್ದೆ."

ನಲವತ್ತೇಳನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಮಾಡಿದ ತಪ್ಪನ್ನು ಇದರಲ್ಲಿ ಹಿಂದಕ್ಕೆ ಪಡೆಯಬಹುದು ಎಂದು ಗೊತ್ತಾದ ದಿನ ಅತ್ತುಬಿಟ್ಟರಂತೆ. "ಆ ವರನ ಮೀಸೆ ನೆನಪಾಯ್ತು" ಎನ್ನುತ್ತಾರೆ.

ಗಂಡ ಬಣ್ಣದ ಮೇಸ್ತ್ರಿ. ಊರಿನ ಅರ್ಧ ಗೋಡೆಗಳು ಅವರ ಕೈಯಲ್ಲಿ ಬಣ್ಣ ಕಂಡಿವೆ. "ನಮ್ಮನೆಯವರು ದಿನವೆಲ್ಲ ಬಣ್ಣ ಹಚ್ತಾರೆ, ನಾನು ದಿನವೆಲ್ಲ ಬಣ್ಣ ತೆಗೀತೀನಿ. ಒಟ್ಟು ಸೇರಿಸಿದ್ರೆ ನಾವಿಬ್ರೂ ಏನೂ ಮಾಡಿಲ್ಲ" ಎಂದು ಬೂದಕ್ಕ ನಗುತ್ತಾರೆ. ಸ್ಟುಡಿಯೊದ ಕೋಣೆಗೆ ಬೂದು ಹಚ್ಚಿದವರೂ ಮೇಸ್ತ್ರಿಯೇ. ಗೋಡೆಯ ಬಣ್ಣ ಪರದೆಗೆ ಬಡಿದರೆ ಕಣ್ಣು ಮೋಸಹೋಗುತ್ತದೆ, ಹಾಗಾಗಿ ಯಾವ ಬಣ್ಣವೂ ಇಣುಕದ ಬೂದು ಬೇಕಿತ್ತು. ಮೊದಲ ಸಲ ಹಚ್ಚಿದಾಗ ಅದರಲ್ಲಿ ನೀಲಿ ಇದೆ ಎಂದರು ಹೆಂಡತಿ. ಎರಡನೇ ಸಲ ಹಸಿರಿದೆ ಎಂದರು. ಒಂಬತ್ತನೇ ಸಲಕ್ಕೆ ಒಪ್ಪಿದರು. ಮೇಸ್ತ್ರಿ ಇವತ್ತಿಗೂ ಅದನ್ನು ಮರೆತಿಲ್ಲ. "ಅರಮನೆಯಂಥ ಮನೆಗಳಿಗೆ ಹಚ್ಚಿದ್ದೀನಿ, ಯಾರೂ ಎರಡನೇ ಸಲ ಕರೆದಿಲ್ಲ. ಈ ಗೂಡಿಗೆ ಒಂಬತ್ತು ಸಲ! ಅದೂ ಬೂದಿ!" ಮೈಮೇಲಿನ ಬಣ್ಣವೂ ಪರದೆಗೆ ಬೀಳುತ್ತದೆಂದು ಬೂದಕ್ಕ ಕೆಲಸದ ಹೊತ್ತಲ್ಲಿ ಬೂದು ಮೇಲಂಗಿ ತೊಡುತ್ತಾರೆ. ಆ ಗೋಡೆಯ ಮುಂದೆ ಆ ಅಂಗಿಯಲ್ಲಿ ಕೂತಾಗ, ಅವರಿದ್ದಾರೋ ಇಲ್ಲವೋ ಎಂದು ಬಾಗಿಲಿಗೆ ಬಂದವರು ಒಮ್ಮೆ ಕರೆದೇ ನೋಡುತ್ತಾರೆ.

ಇಷ್ಟು ಸದ್ದಿಲ್ಲದ ಬೂದಕ್ಕನ ಹೆಸರು ಹೋದ ವರ್ಷ ಊರಿಡೀ ಕೇಳಿಬಂತು. ಅದಕ್ಕೆ ಕಾರಣ ಒಬ್ಬ ಹಲ್ಲಿನ ಡಾಕ್ಟರು.

ಡಾಕ್ಟರು ಊರಿನ ಫೋಟೊ ಸಂಘದ ಸದಸ್ಯರು, ಸ್ಟುಡಿಯೊದ ಹಳೇ ಗಿರಾಕಿ. ಎಂಥ ಜಲಪಾತ ತೋರಿಸಿದರೂ ಅವರದು ಒಂದೇ ಮಾತು: "ಇನ್ನೂ ಬೆಳ್ಳಗಾಗ್ಬೇಕು." ಆ ಸಲ ಮಾತ್ರ ಬೇರೊಂದು ಮಾತನ್ನೂ ಸೇರಿಸಿದರು. ಫೋಟೊದ ಬಲಮೂಲೆಯಲ್ಲಿ ಕೆಂಪು ರೇನ್‌ಕೋಟ್ ತೊಟ್ಟ ಯಾರೋ ನೀರಿನ ಕಡೆ ಮುಖಮಾಡಿ ನಿಂತಿದ್ದರು. "ಈ ಕೆಂಪು ಕಣ್ಣಿಗೆ ರಾಚತ್ತೆ. ಅಳಿಸೋ ಹಾಗಿಲ್ಲ, ಸ್ಪರ್ಧೆಗೆ ಕಳಿಸ್ಬೇಕು" ಎಂದರು. ಏನನ್ನೂ ಸೇರಿಸಬಾರದು, ಏನನ್ನೂ ತೆಗೆಯಬಾರದು, ಕಪ್ಪುಬಿಳುಪು ಮಾಡಿದರೆ ಅಡ್ಡಿಯಿಲ್ಲ ಎಂಬುದು ಸಂಘದ ನಿಯಮ.

"ಯಾರೋ ನೋಡೋಕೆ ಬಂದವ್ರು ಅಂದ್ಕೊಂಡೆ" ಎನ್ನುತ್ತಾರೆ ಬೂದಕ್ಕ. ಕೆಂಪಿನ ಗುಂಡಿಯನ್ನು ಎಡಕ್ಕೆ ಎಳೆದರು. ರೇನ್‌ಕೋಟು ಕಪ್ಪಾಗುತ್ತ ಬಂದು, ಪಕ್ಕದ ಒದ್ದೆ ಬಂಡೆಯ ಕಪ್ಪಿಗೇ ಬಂದು ನಿಂತಿತು. ಕಣ್ಣು ಕಿರಿದು ಮಾಡಿ ನೋಡಿದರೂ ಬಂಡೆಯೊಂದೇ. ಫೋಟೊಗೆ ಮೊದಲ ಬಹುಮಾನ ಬಂತು.

ಪ್ರದರ್ಶನದ ದಿನ ಡಾಕ್ಟರ ಅತ್ತೆ ಬಂದರು. ಒಬ್ಬರೇ ಬರಲಿಲ್ಲ, ಇಬ್ಬರು ತಂಗಿಯರನ್ನೂ ಕೆಳಗಿನ ಮನೆಯವರನ್ನೂ ಕರೆತಂದಿದ್ದರು. ಅಳಿಯ ತೆಗೆದ ಫೋಟೊದಲ್ಲಿ ತಾನಿದ್ದೇನೆ, ಅದಕ್ಕೇ ಬಹುಮಾನ ಬಂದಿದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರಂತೆ. ಫೋಟೊದ ಮುಂದೆ ನಿಂತು ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. "ನಾನೆಲ್ಲಿ?" ಎಂದರು. ಡಾಕ್ಟರು ತಡವರಿಸಿ, "ಅದು... ಸ್ಟುಡಿಯೊದ ಬೂದಕ್ಕನ ಕೈಯಲ್ಲಾಗಿರೋದು" ಎಂದುಬಿಟ್ಟರು. ಪಕ್ಕದಲ್ಲಿದ್ದ ಇನ್ನೊಬ್ಬ ಸ್ಪರ್ಧಿಗೆ ಇಷ್ಟು ಸಾಕಾಯಿತು. ಮನುಷ್ಯರನ್ನೇ ಅಳಿಸಿದ್ದಾರೆ, ಬಹುಮಾನ ವಾಪಸ್ ಪಡೆಯಿರಿ ಎಂದು ಗದ್ದಲವೆಬ್ಬಿಸಿದರು.

ಅರ್ಧ ಗಂಟೆಯಲ್ಲಿ ಅತ್ತೆ, ಅತ್ತೆಯ ತಂಗಿಯರು, ಡಾಕ್ಟರು, ದೂರು ಕೊಟ್ಟವರು, ಸಂಘದ ಅಧ್ಯಕ್ಷರು ಎಲ್ಲರೂ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿದ್ದರು. ಮೂವರು ನಿಲ್ಲುವ ಜಾಗದಲ್ಲಿ ಒಂಬತ್ತು ಮಂದಿ. ಮಾಲೀಕರು ಬೂದಕ್ಕನ ಕಿವಿಯಲ್ಲಿ, "ಕ್ಷಮೆ ಕೇಳ್ಬಿಡಮ್ಮ, ಸುಮ್ನೆ ಯಾಕೆ" ಎಂದರು. ಬೂದಕ್ಕ ಒಪ್ಪಲಿಲ್ಲ. "ಕ್ಷಮೆ ಕೇಳಿದ್ರೆ ಅಳಿಸಿದ್ದು ನಿಜ ಅಂತ ಆಗತ್ತಲ್ಲ? ಮೋಸದ ಕೆಲಸ ಮಾಡೋಳು ಅಂತ ಒಂದು ಸಲ ಹೆಸರು ಬಂದ್ರೆ ಯಾರು ಫೋಟೊ ಕೊಡ್ತಾರೆ?" ಎಂದು ಈಗ ನನ್ನನ್ನು ಕೇಳುತ್ತಾರೆ. ಅವತ್ತು ಅವರು ಕಂಪ್ಯೂಟರ್ ತೆರೆದು, ಬಹುಮಾನದ ಫೋಟೊ ಹಾಕಿ, ಕೆಂಪಿನ ಗುಂಡಿಯನ್ನು ನಿಧಾನಕ್ಕೆ ಬಲಕ್ಕೆ ಎಳೆದರು.

ಬಂಡೆಯೊಳಗಿಂದ ಅತ್ತೆ ಹೊರಗೆ ಬಂದರು. ಮೊದಲು ತಲೆಯ ಟೊಪ್ಪಿಗೆ, ಆಮೇಲೆ ಹೆಗಲು, ಕೊನೆಗೆ ಇಡೀ ಬೆನ್ನು.

"ನಾನೇ! ಇದು ನಂದೇ ಬೆನ್ನು!" ಅತ್ತೆ ಕೂಗಿದರು.

"ಇವ್ರನ್ನ ಯಾರೂ ಅಳಿಸಿಲ್ಲ ಸಾರ್," ಬೂದಕ್ಕ ಅಧ್ಯಕ್ಷರಿಗೆ ಹೇಳಿದರು. "ಇದ್ದಲ್ಲೇ ಇದ್ದಾರೆ. ಎಮ್ಮೆ ಬಂಡೆಯ ಬಣ್ಣಕ್ಕೆ ಸೇರಿಕೊಂಡಿದ್ರು, ಅಷ್ಟೇ."

"ಯಾವ ಬಂಡೆ?" ಎಂದರು ಅತ್ತೆ.

ಬೂದಕ್ಕ ನಾಲಿಗೆ ಕಚ್ಚಿಕೊಂಡರು. ಆದರೂ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು. "ಅದು ನಾನಿಟ್ಟ ಹೆಸರು ಅಮ್ಮ, ಬಂಡೆಗೆ. ಕೆಂಪು ಕಣ್ಣಿಗೆ ರಾಚತ್ತೆ ಅಂತ ಡಾಕ್ಟ್ರು ಹೇಳಿದ್ರು, ತಗ್ಗಿಸಿದೆ. ನೀವು ಅಂತ ಅವ್ರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಅತ್ತೆ ಮೆಲ್ಲಗೆ ತಿರುಗಿದರು. "ನಾನು ಕಣ್ಣಿಗೆ ರಾಚ್ತೀನಾ, ಅಳಿಯಂದ್ರೇ?"

ಬೇರೆಯವರ ಬಾಯಿ ತೆರೆಸುವ ಡಾಕ್ಟರಿಗೆ ತಮ್ಮ ಬಾಯಿ ತೆರೆಯಲಾಗಲಿಲ್ಲ. ಅತ್ತೆ ಬೂದಕ್ಕನನ್ನು ಸರಿಸಿ ತಾವೇ ಕುರ್ಚಿಯಲ್ಲಿ ಕೂತರು. ಗುಂಡಿಯನ್ನು ಎಡಕ್ಕೆ ಎಳೆದರು, ಮಾಯವಾದರು. ಬಲಕ್ಕೆ ಎಳೆದರು, ಬಂದರು. ಐದಾರು ಸಲ ಹೋಗಿ ಬಂದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಇಂಥದ್ದೊಂದು ಗುಂಡಿ ಮನೇಲಿರ್ಬೇಕು ಕಣ್ರೇ. ಬೇಡದವ್ರು ಬಂದಾಗ ಬಂಡೆಯಾಗ್ಬಿಡ್ಬಹುದು!" ಎಂದು ತಂಗಿಯರಿಗೆ ಹೇಳಿದರು. ಕೋಣೆ ನಕ್ಕಿತು. ಏನನ್ನೂ ತೆಗೆದಿಲ್ಲ ಎಂದು ಅಧ್ಯಕ್ಷರು ಅಲ್ಲೇ ತೀರ್ಮಾನ ಹೇಳಿದರು. ದೂರು ಕೊಟ್ಟವರು ಮಾತ್ರ ಹೋಗುವಾಗ ಬೂದಕ್ಕನ ಹತ್ತಿರ ಬಂದು, ತಮ್ಮ ಫೋಟೊದಲ್ಲೂ ಒಂದು ಹಳದಿ ಕೊಡೆಯಿದೆ, ಏನಾದರೂ ಮಾಡಲಾದೀತೇ ಎಂದು ಪಿಸುಗುಟ್ಟಿದರಂತೆ.

ಅತ್ತೆಗೆಂದು ಬೂದಕ್ಕ ಬೇರೆಯದೇ ಪ್ರತಿ ಮಾಡಿಕೊಟ್ಟರು. ಕೆಂಪನ್ನು ಪೂರ್ತಿ ಬಿಳಿ ಮಾಡಿದರೆ ದೆವ್ವದ ಹಾಗೆ ಕಾಣುತ್ತೇನೆ ಎಂದು ಅತ್ತೆ ಬೇಡವೆಂದರು. ಎರಡು ದಿನ ಹಿಡಿಯಿತು. ಕೊನೆಗೆ ಅಷ್ಟು ದೊಡ್ಡ ನೀರಿನ ಮುಂದೆ, ಕಪ್ಪು ಬಂಡೆಯ ಪಕ್ಕ, ತಿಳಿ ಬೂದಿನಲ್ಲಿ ಒಬ್ಬ ಪುಟ್ಟ ಹೆಂಗಸು ಧೈರ್ಯವಾಗಿ ನಿಂತಿರುವ ಚಿತ್ರ ಬಂತು. ಬಹುಮಾನ ಬಂದದ್ದಕ್ಕಿಂತ ಇದೇ ಚೆಂದವಿದೆ ಎಂದು ಡಾಕ್ಟರೇ ಒಪ್ಪಿಕೊಂಡಿದ್ದಾರೆ. ಅತ್ತೆ ಎದುರಿಗಿದ್ದಾಗ ಒಪ್ಪಿಕೊಂಡದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಚಿತ್ರ ಈಗ ಅವರ ದವಾಖಾನೆಯಲ್ಲಿ, ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲಿದೆ.

ಅಂದಿನಿಂದ ಬೂದಕ್ಕ ಯಾರೇ ಫೋಟೊ ತಂದರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಇದ್ರಲ್ಲಿ ನಿಮ್ಮ ನೆಂಟ್ರು ಯಾರಾದ್ರೂ ಇದ್ದಾರಾ?"

ಹೋದ ತಿಂಗಳು ದವಡೆ ಹಲ್ಲು ನೋವೆಂದು ಬೂದಕ್ಕ ಅದೇ ದವಾಖಾನೆಗೆ ಹೋಗಬೇಕಾಯಿತು. ಕೆನ್ನೆ ಹಿಡಿದುಕೊಂಡು ತಮ್ಮ ಜಲಪಾತದ ಕೆಳಗೇ ಕೂತರು. ಪಕ್ಕದಲ್ಲಿದ್ದ ಅಜ್ಜ ಬಹಳ ಹೊತ್ತು ಚಿತ್ರವನ್ನೇ ನೋಡುತ್ತಿದ್ದು, ಮೆಲ್ಲಗೆ ಇವರತ್ತ ಬಗ್ಗಿ, "ಎಷ್ಟು ಚೆನ್ನಾಗಿದೆ ನೋಡಿ, ನೀರು ಬೀಳೋ ಸದ್ದೂ ಕೇಳಿಸ್ತಿದೆ" ಎಂದರಂತೆ.

"ಒಳಗೆ ಡಾಕ್ಟ್ರು ಯಾರದ್ದೋ ಹಲ್ಲು ಕೊರೀತಿದ್ರು" ಎಂದು ಹೇಳಿ ಬೂದಕ್ಕ ಪರದೆಯತ್ತ ತಿರುಗುತ್ತಾರೆ. "ನಾನು ಏನೂ ಹೇಳೋಕೆ ಹೋಗ್ಲಿಲ್ಲ. ನೀರಿಂದೇ ಅಂದ್ಕೊಳ್ಲಿ, ಬಿಡಿ."