ಸೀದ ಹುರುಳಿ

ಅಮ್ಮ ಇದ್ದ ಕೊನೆಯ ಸಂಜೆ ನಮ್ಮ ಕುರುಬರಹಳ್ಳಿ ಮನೆಯಲ್ಲಿ ಹುರುಳಿಕಾಳು ಸೀದುಹೋಯಿತು. ವಾಸನೆಗೆ ಮೇಲಿನ ಮನೆಯ ಆಂಟಿ ಇಳಿದು ಬಂದರು. ಉತ್ಖನನದಲ್ಲಿ ಸಿಕ್ಕ ಒಲೆಗಳ ಬೂದಿಯಿಂದ ಕಾಳು ಹೆಕ್ಕಿ, ಸಾವಿರಾರು ವರ್ಷಗಳ ಹಿಂದಿನ ಜನ ಏನು ತಿನ್ನುತ್ತಿದ್ದರೆಂದು ಹೇಳುವುದು ಅವರ ಕೆಲಸ. ಭೂತಗನ್ನಡಿ ಕೈಯಲ್ಲಿಲ್ಲದಾಗಲೂ ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು.

“ಬಿಡಿ, ತಿಂದಿದ್ದು ಹೋಗುತ್ತೆ, ಸೀದಿದ್ದೇ ಉಳಿಯೋದು,” ಎಂದರು. ಯಾವಾಗಲೂ ಹೇಳುವ ಮಾತು.

“ಹಾಗಾದ್ರೆ ನನ್ನ ಅಡುಗೆ ಪೂರ್ತಿ ಉಳಿಯುತ್ತೆ,” ಎಂದು ಅಮ್ಮ ನಕ್ಕಳು. ಒಲೆಬೂದಿಯ ಹಳೆಯ ಹುರುಳಿಯ ಜೊತೆ ಹೋಲಿಸಿ ನೋಡಲು ಆಂಟಿ ನಾಲ್ಕು ಕಾಳು ಒಯ್ದರು.

ಬೆಳಿಗ್ಗೆ ಅಮ್ಮ ಏಳಲಿಲ್ಲ.

ತಿಥಿ ಮುಗಿದ ಮೇಲೆ ಆ ಕಾಳು ಕೇಳಲು ಮೇಲೆ ಹೋದೆ. ಆಂಟಿ ಒಂದು ತಟ್ಟೆ ಮುಂದಿಟ್ಟರು.

“ಆವತ್ತು ಬೆಳಿಗ್ಗೆ ಹಳೇದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡ್ತಿದ್ದೆ ಕಣಮ್ಮ. ನಿನ್ನ ಕೂಗು ಕೇಳಿ ಎದ್ದೆ. ತಟ್ಟೆ ವಾಲಿ ಬೆರೆತುಹೋಯ್ತು. ಈಗ ನಂಗೂ ಗೊತ್ತಾಗ್ತಿಲ್ಲ.”

ಮೊದಲ ಸಲ ಅವರ ಎರಡೂ ಕಣ್ಣು ತೆರೆದಿದ್ದವು.

ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲದರ ಹೊಟ್ಟೆಯೂ ಒಂದೇ ರೀತಿ ಬಿರಿದಿತ್ತು. ಒಂದೊಂದನ್ನೇ ಮೂಸಿದೆ. ಎಲ್ಲದರಲ್ಲೂ ಆ ಸಂಜೆಯ ನಮ್ಮ ಅಡುಗೆಮನೆಯ ವಾಸನೆ ಇತ್ತು.

ನಾನು ಮನೆ ಖಾಲಿ ಮಾಡುವಾಗ ಆಂಟಿ ತಟ್ಟೆಯನ್ನು ನನಗೇ ಕೊಟ್ಟರು. ಅದರಲ್ಲಿ ಅಮ್ಮನ ಕಾಳು ಯಾವುವು ಎಂಬುದು ಇನ್ನೂ ಗೊತ್ತಾಗಿಲ್ಲ.